ಬ್ಯಾಗಿಗೆ ನೇತುಹಾಕಿದ ಥರ್ಮಾಮೀಟರ್ ಯಾರ ಬಿಸಿ ಹೇಳುತ್ತದೆ?

ಪ್ರಶ್ನೆ: ಚಾರಣಕ್ಕೆ ಅಂತ ಬ್ಯಾಗಿನ ಜಿಪ್‌ಗೆ ಸಿಕ್ಕಿಸುವ ಪುಟ್ಟ ಥರ್ಮಾಮೀಟರ್ ಒಂದನ್ನು ಕೊಂಡೆ. ಮೊನ್ನೆ ಬೆಟ್ಟ ಹತ್ತುವಾಗ ಮಧ್ಯಾಹ್ನ ಅದು 33 ಡಿಗ್ರಿ ತೋರಿಸುತ್ತಿತ್ತು. ಅದೇ ಹೊತ್ತಿಗೆ ಗೆಳೆಯನ ಡಿಜಿಟಲ್ ಥರ್ಮಾಮೀಟರ್ 24 ಅಂದಿತು. ರಾತ್ರಿ ಮಲಗುವಾಗ ಟೆಂಟಿನೊಳಗೆ 11 ಡಿಗ್ರಿ ಇತ್ತು. ನನ್ನ ಸ್ಲೀಪಿಂಗ್ ಬ್ಯಾಗಿನ ಮೇಲೆ 5 ಡಿಗ್ರಿ ಎಂದು ದೊಡ್ಡದಾಗಿ ಬರೆದಿದೆ. ಆದರೂ ಬೆಳಗಿನ ಜಾವ ನಡುಗುತ್ತಾ ಎದ್ದು ಕೂತೆ. ನನ್ನ ಥರ್ಮಾಮೀಟರ್ ಕೆಟ್ಟಿದೆಯಾ? ಚಾರಣಕ್ಕೆ ಇಂಥದ್ದೊಂದು ನಿಜಕ್ಕೂ ಬೇಕಾ? ಬೇಕಾದರೆ ಯಾವ ತರಹದ್ದು ಒಳ್ಳೆಯದು? ಇನ್ನೊಂದು ವಿಷಯ: ಕೆಂಪು ಗೆರೆಯ ಹಳೆಯ ಗಾಜಿನ ಥರ್ಮಾಮೀಟರ್ ಒಂದಿದೆ. ಅದರ ಗೆರೆ ನಡುವೆ ತುಂಡಾಗಿದೆ. ಸರಿಹೋಗುತ್ತಾ?

ಉತ್ತರ: ನಿಮ್ಮ ಥರ್ಮಾಮೀಟರ್ ಕೆಟ್ಟಿರುವ ಸಾಧ್ಯತೆ ಕಡಿಮೆ. ಅದೂ ಸುಳ್ಳು ಹೇಳಿಲ್ಲ, ಗೆಳೆಯನದ್ದೂ ಹೇಳಿಲ್ಲ. ನೀವು ಕೇಳಿದ್ದು ಒಂದು, ಅದು ಹೇಳಿದ್ದು ಇನ್ನೊಂದು, ಅಷ್ಟೆ. ನಾವು ಥರ್ಮಾಮೀಟರ್ ನೋಡಿ "ಹೊರಗೆ ಇಷ್ಟು ಡಿಗ್ರಿ ಇದೆ" ಅನ್ನುತ್ತೇವೆ. ಪಾಪ, ಹೊರಗಿನ ಸಮಾಚಾರ ಅದಕ್ಕೇನು ಗೊತ್ತು? ಅದಕ್ಕೆ ಗೊತ್ತಿರುವುದು ತನ್ನ ಮೈಬಿಸಿ ಮಾತ್ರ. ಅದರ ಮೈಬಿಸಿಯೂ ಸುತ್ತಲಿನ ಗಾಳಿಯ ಬಿಸಿಯೂ ಒಂದೇ ಆಗುವ ಹಾಗೆ ನೋಡಿಕೊಳ್ಳುವುದು ನಮ್ಮ ಕೆಲಸ. ಯಾವ ಥರ್ಮಾಮೀಟರ್ ಕೊಳ್ಳಬೇಕು ಅಂತ ಜನ ವಾರಗಟ್ಟಲೆ ಹುಡುಕುತ್ತಾರೆ. ಎಲ್ಲಿ ತೂಗುಹಾಕಬೇಕು ಅಂತ ಐದು ನಿಮಿಷ ಯೋಚಿಸುವವರು ಕಡಿಮೆ. ನನ್ನ ಅನುಭವದಲ್ಲಿ ತಪ್ಪು ಅಂಕಿ ಬರುವುದು ಹೆಚ್ಚಾಗಿ ಈ ಎರಡನೆಯದರಿಂದ.

ಬೆಟ್ಟ ಹತ್ತುವಾಗ ಏನಾಗಿರಬಹುದು ಅಂತ ನೋಡೋಣ. ಜಿಪ್‌ಗೆ ಸಿಕ್ಕಿಸಿದ ಥರ್ಮಾಮೀಟರ್ ಬ್ಯಾಗಿನ ಬಟ್ಟೆಗೆ ಒರಗಿಕೊಂಡೇ ಇರುತ್ತದೆ. ಬ್ಯಾಗು ಕಪ್ಪೋ ಕಡುನೀಲಿಯೋ ಆಗಿದ್ದರೆ ಬಿಸಿಲಿಗೆ ಆ ಬಟ್ಟೆ ಚೆನ್ನಾಗಿ ಕಾದಿರುತ್ತದೆ. ಭುಜದ ಪಟ್ಟಿಗೆ ಸಿಕ್ಕಿಸಿದ್ದರೆ ನಿಮ್ಮ ಮೈಯ ಬಿಸಿಯೂ ತಾಗುತ್ತದೆ. ಸಾಲದ್ದಕ್ಕೆ ಅದರ ಪುಟ್ಟ ಪ್ಲಾಸ್ಟಿಕ್ ಮೈ ಮೇಲೆ ನೇರ ಬಿಸಿಲು. ಇಷ್ಟೆಲ್ಲ ಸೇರಿದರೆ ಗಾಳಿಗಿಂತ ಎಂಟು ಹತ್ತು ಡಿಗ್ರಿ ಜಾಸ್ತಿ ತೋರಿಸುವುದು ದೊಡ್ಡ ವಿಷಯವಲ್ಲ. ಗೆಳೆಯ ತನ್ನದನ್ನು ನೆರಳಲ್ಲಿ ಹಿಡಿದಿದ್ದರೆ ಅವರ 24 ಗಾಳಿಯದ್ದು. ನಿಮ್ಮ 33 ಬಿಸಿಲಲ್ಲಿ ಕಾದ ಬ್ಯಾಗಿನದ್ದು.

ಹವಾಮಾನ ಕೇಂದ್ರಗಳಲ್ಲಿ ಕಂಬದ ಮೇಲೆ ನಿಂತ ಬಿಳಿ ಮರದ ಪೆಟ್ಟಿಗೆಯನ್ನು ನೋಡಿರಬಹುದು. ಸುತ್ತಲೂ ಕಿಟಕಿಯ ಓರೆಪಟ್ಟಿಗಳಂಥ ಗೋಡೆ, ಒಳಗೆ ಥರ್ಮಾಮೀಟರ್. ಅದಕ್ಕೆ ಸ್ಟೀವನ್ಸನ್ ಪೆಟ್ಟಿಗೆ ಅಂತ ಹೆಸರು. 19ನೇ ಶತಮಾನದಲ್ಲಿ ಸ್ಕಾಟ್ಲೆಂಡಿನ ಥಾಮಸ್ ಸ್ಟೀವನ್ಸನ್ ರೂಪಿಸಿದ್ದು. ಆತ ದೀಪಸ್ತಂಭ ಕಟ್ಟುವ ಎಂಜಿನಿಯರ್. ಪೆಟ್ಟಿಗೆಗೆ ಬಿಳಿ ಬಣ್ಣ, ಏಕೆಂದರೆ ಬಿಸಿಲು ಹೀರಬಾರದು. ಓರೆಪಟ್ಟಿಯ ಗೋಡೆ, ಏಕೆಂದರೆ ಬಿಸಿಲು ಒಳಗೆ ಬರಬಾರದು, ಗಾಳಿ ಮಾತ್ರ ಆಡಬೇಕು. ನೆಲದಿಂದ ಸುಮಾರು 1.25ರಿಂದ 2 ಮೀಟರ್ ಎತ್ತರ, ಏಕೆಂದರೆ ನೆಲದ ಬಿಸಿ ಚಳಿ ಬೇರೆಯೇ ಲೆಕ್ಕ. ಹವಾಮಾನ ವರದಿಯಲ್ಲಿ ಕೇಳುವ "ಇಂದಿನ ಗರಿಷ್ಠ ತಾಪಮಾನ" ಇಂಥ ಕಡೆ ಅಳೆದದ್ದು. ಪೆಟ್ಟಿಗೆ ಹೊತ್ತುಕೊಂಡು ಬೆಟ್ಟ ಹತ್ತಲು ಆಗಲ್ಲ. ಆದರೆ ಅದರ ಉಪಾಯವನ್ನು ಕದಿಯಬಹುದು.

ಹೇಗೆ ಅಂದರೆ, ವಿಶ್ರಾಂತಿಗೆ ನಿಂತಾಗ ಥರ್ಮಾಮೀಟರನ್ನು ಬ್ಯಾಗಿನಿಂದ ಬಿಡಿಸಿ. ನೆರಳಿನಲ್ಲಿ, ಎದೆಯೆತ್ತರದ ಕೊಂಬೆಗೆ ಒಂದು ಗೇಣು ದಾರದಲ್ಲಿ ತೂಗುಬಿಡಿ. ಕಾಂಡಕ್ಕಾಗಲೀ ಬಂಡೆಗಾಗಲೀ ತಾಗದಿರಲಿ. ಬಂಡೆ ಮಧ್ಯಾಹ್ನ ಕುಡಿದ ಬಿಸಿಲನ್ನು ಸಂಜೆಯವರೆಗೂ ಉಗುಳುತ್ತಿರುತ್ತದೆ. ಮರವೇ ಇಲ್ಲದ ಬೋಳು ಗುಡ್ಡವಾದರೆ ನಿಮ್ಮ ನೆರಳನ್ನೇ ಬಳಸಿ. ನಡೆಯುವ ಕೋಲಿಗೆ ಕಟ್ಟಿ, ಕೈಚಾಚಿ, ನಿಮ್ಮ ನೆರಳು ಬೀಳುವ ಕಡೆ ಹಿಡಿಯಿರಿ. ಬೆರಳು ಥರ್ಮಾಮೀಟರಿನ ಅಳೆಯುವ ತುದಿಗೆ ತಾಗಬಾರದು, ಉಸಿರು ಅದರ ಮೇಲೆ ಬೀಳಬಾರದು.

ಆಮೇಲೆ ಕಾಯಬೇಕು. ಇಲ್ಲೇ ಎಲ್ಲರೂ ಅವಸರ ಮಾಡುವುದು. ಚಿಕ್ಕ ಥರ್ಮಾಮೀಟರ್ ಆದರೂ ತನ್ನ ಹಳೆಯ ಬಿಸಿ ಬಿಟ್ಟು ಹೊಸದಕ್ಕೆ ಹೊಂದಿಕೊಳ್ಳಲು ಹೊತ್ತು ಬೇಕು. ಮೊದಲು ಸರಸರ ಇಳಿಯುತ್ತದೆ, ಆಮೇಲೆ ತೆವಳುತ್ತದೆ. ಉದಾಹರಣೆಗೆ, ನಿಜವಾದ ಗಾಳಿ 24 ಡಿಗ್ರಿ ಇದೆ, ನಿಮ್ಮದು 33ರಲ್ಲಿದೆ ಅಂದುಕೊಳ್ಳಿ. ಅದು ನಾಲ್ಕು ನಿಮಿಷಕ್ಕೆ ಸುಮಾರು 27ಕ್ಕೆ ಬರುವಂಥದ್ದಾದರೆ, ಎಂಟು ನಿಮಿಷಕ್ಕೆ 25, ಹನ್ನೆರಡಕ್ಕೆ 24.3. ನೀರು ಕುಡಿದು ಎರಡು ನಿಮಿಷಕ್ಕೆ ಇಣುಕಿ ನೋಡಿ "29 ಇದೆ" ಅಂತ ಬರೆದುಕೊಂಡರೆ ಆ 29 ಯಾರದ್ದೂ ಅಲ್ಲ. ಕಾಲು ಗಂಟೆ ಬಿಡಿ. ಎರಡು ಸಲ, ಎರಡು ನಿಮಿಷ ಬಿಟ್ಟು ನೋಡಿದಾಗ ಒಂದೇ ಅಂಕಿ ಬಂದರೆ ನಂಬಿ.

ಗಾಳಿ ಆಡಿದಷ್ಟೂ ಬೇಗ ಹೊಂದಿಕೊಳ್ಳುತ್ತದೆ. ಅದಕ್ಕೇ ಹಳೆಯ ಕಾಲದ ಹವಾಮಾನದವರು ಥರ್ಮಾಮೀಟರನ್ನು ಹಿಡಿಕೆಗೆ ಸಿಕ್ಕಿಸಿ ಗಿರಗಿರ ತಿರುಗಿಸುತ್ತಿದ್ದರು. ನಾವೂ ದಾರ ಕಟ್ಟಿ ನೆರಳಲ್ಲಿ ಒಂದೆರಡು ನಿಮಿಷ ತಿರುಗಿಸಬಹುದು. ಗಂಟು ಮಾತ್ರ ಗಟ್ಟಿ ಇರಲಿ. ನಾನು ಒಮ್ಮೆ ಜಂಬದಿಂದ ಜೊತೆಯವರಿಗೆ ಇದನ್ನು ತೋರಿಸಲು ಹೋದೆ. ಮೂರನೇ ಸುತ್ತಿಗೆ ದಾರ ಜಾರಿತು. ಥರ್ಮಾಮೀಟರ್ ಹಾರಿ ಹೋಗಿ ಹಳ್ಳದ ನೀರಿಗೆ ಬಿತ್ತು. ಹುಡುಕಿ ತೆಗೆಯುವ ಹೊತ್ತಿಗೆ ನೀರಿನ ತಾಪಮಾನವನ್ನು ಬಹಳ ಸರಿಯಾಗಿ ತೋರಿಸುತ್ತಿತ್ತು.

ಕೈಗಡಿಯಾರದ ಥರ್ಮಾಮೀಟರ್ ಬಗ್ಗೆಯೂ ಇದೇ ಮಾತು. ಮಣಿಕಟ್ಟಿನಲ್ಲಿ ಇರುವಷ್ಟು ಹೊತ್ತು ಅದು ನಿಮ್ಮ ಚರ್ಮದ ಬಿಸಿಯನ್ನೂ ಸೇರಿಸಿಕೊಂಡು ಹೇಳುತ್ತದೆ. ಬಿಚ್ಚಿ ಅರ್ಧ ಗಂಟೆ ನೆರಳಲ್ಲಿಟ್ಟ ಮೇಲೆ ನೋಡಿ. ಫೋನಿನಲ್ಲಿ ಕಾಣುವ ತಾಪಮಾನ ನೀವು ನಿಂತ ಜಾಗದಲ್ಲಿ ಅಳೆದದ್ದೇ ಅಲ್ಲ. ಆ ಪ್ರದೇಶಕ್ಕೆ ಲೆಕ್ಕ ಹಾಕಿದ ಮುನ್ಸೂಚನೆ ಅದು. ಬೆಟ್ಟದ ನೆತ್ತಿಗೂ ಬುಡಕ್ಕೂ ಅದು ಒಂದೇ ಅಂಕಿ ಕೊಟ್ಟರೆ ಬೇಜಾರಾಗಬೇಡಿ.

ಈಗ ರಾತ್ರಿಯ ವಿಷಯ. ನನ್ನ ಪ್ರಕಾರ ನಿಮ್ಮ ಪ್ರಶ್ನೆಯ ತಿರುಳು ಇದು. 11 ಡಿಗ್ರಿಯಲ್ಲಿ, 5 ಡಿಗ್ರಿಯ ಸ್ಲೀಪಿಂಗ್ ಬ್ಯಾಗಿನಲ್ಲಿ, ಮನುಷ್ಯ ಯಾಕೆ ನಡುಗಬೇಕು?

ಮೊದಲನೆಯದಾಗಿ, 11 ನೋಡಿದ್ದು ಮಲಗುವಾಗ. ರಾತ್ರಿಯ ಚಳಿ ಮಧ್ಯರಾತ್ರಿಗೆ ಮುಗಿಯುವುದಿಲ್ಲ. ಸೂರ್ಯ ಮುಳುಗಿದ ಮೇಲೆ ನೆಲ ತನ್ನ ಬಿಸಿಯನ್ನು ಆಕಾಶಕ್ಕೆ ಬಿಡುತ್ತಲೇ ಇರುತ್ತದೆ. ಸೂರ್ಯ ಹುಟ್ಟಿ ಆ ನಷ್ಟವನ್ನು ತುಂಬಿಕೊಡುವವರೆಗೂ ಇಳಿಕೆ ನಿಲ್ಲುವುದಿಲ್ಲ. ಆದ್ದರಿಂದ ಅತಿ ಕಡಿಮೆ ತಾಪಮಾನ ಸಾಮಾನ್ಯವಾಗಿ ಸೂರ್ಯೋದಯದ ಆಸುಪಾಸಿನಲ್ಲಿ, ಎಷ್ಟೋ ಸಲ ಹುಟ್ಟಿದ ಸ್ವಲ್ಪ ಹೊತ್ತಿನ ಮೇಲೆ. ನೀವು ನಡುಗಿ ಎದ್ದದ್ದು ಸರಿಯಾಗಿ ಅದೇ ಹೊತ್ತಿಗೆ. ಮೋಡ ಕವಿದಿದ್ದರೆ ಅದು ಕಂಬಳಿ ಹೊದಿಸಿದ ಹಾಗೆ ಕೆಲಸ ಮಾಡುತ್ತದೆ, ಇಳಿಕೆ ಕಡಿಮೆ. ನಕ್ಷತ್ರ ಫಳಫಳ ಹೊಳೆಯುವ, ಎಲೆಯೂ ಅಲುಗದ ರಾತ್ರಿ ಇದೆಯಲ್ಲ, ನಾವು "ಆಹಾ ಎಂಥ ರಾತ್ರಿ" ಅಂತ ಖುಷಿಪಡುವುದು, ಅದೇ ಬೆಳಗಿನ ಜಾವ ಕಚ್ಚುವ ರಾತ್ರಿ.

ಎರಡನೆಯದು, ಟೆಂಟಿನ ಒಳಗಿನ ಅಂಕಿಯಲ್ಲಿ ನಿಮ್ಮ ಉಸಿರು ಮತ್ತು ಮೈಬಿಸಿ ಸೇರಿಕೊಂಡಿದೆ. ಹೊರಗೆ ಅದಕ್ಕಿಂತ ಕಡಿಮೆ ಇದ್ದಿರುತ್ತದೆ. ನೆಲದ ಹತ್ತಿರ ಇನ್ನೂ ಕಡಿಮೆ. ತಿಳಿಯಾದ ರಾತ್ರಿಯಲ್ಲಿ ಎದೆಯೆತ್ತರದ ಗಾಳಿ 3 ಡಿಗ್ರಿ ಇದ್ದಾಗಲೂ ಹುಲ್ಲಿನ ಮೇಲೆ ಇಬ್ಬನಿ ಹೆಪ್ಪುಗಟ್ಟಿ ಬಿಳಿಯಾಗಿರಬಹುದು. ಥರ್ಮಾಮೀಟರ್ ಸೊನ್ನೆಗಿಂತ ಮೇಲಿದೆ, ಕಾಲಡಿಯ ಹುಲ್ಲು ಕರಕರ ಅನ್ನುತ್ತಿದೆ. ಎರಡೂ ನಿಜ.

ಇನ್ನು ಟೆಂಟ್ ಹಾಕಿದ್ದು ಎಲ್ಲಿ? ತಣ್ಣನೆಯ ಗಾಳಿ ಬಿಸಿ ಗಾಳಿಗಿಂತ ಭಾರ. ರಾತ್ರಿ ಅದು ನೀರಿನ ಹಾಗೆ ಇಳಿಜಾರಿನಲ್ಲಿ ಹರಿದು ಬಂದು ತಗ್ಗಿನಲ್ಲಿ ನಿಲ್ಲುತ್ತದೆ. ಹಳ್ಳದ ದಡದ ಮೆತ್ತನೆಯ ಹುಲ್ಲುಹಾಸು ನೋಡಲು ಚೆಂದ, ನೀರೂ ಹತ್ತಿರ. ಆದರೆ ಆ ಚಳಿಯ ಕೆರೆ ನಿಲ್ಲುವುದು ಅಲ್ಲೇ. ನಾನು ಒಮ್ಮೆ ಎರಡು ಒಂದೇ ತರಹದ ಥರ್ಮಾಮೀಟರ್ ಒಯ್ದಿದ್ದೆ. ಒಂದನ್ನು ಹಳ್ಳದ ಪಕ್ಕದ ಪೊದೆಗೆ ಕಟ್ಟಿದೆ. ಇನ್ನೊಂದನ್ನು ಮೇಲೆ, ಇಳಿಜಾರಿನಲ್ಲಿ ಚಪ್ಪಟೆಯಾಗಿದ್ದ ಒಂದು ಜಾಗದಲ್ಲಿ. ಎತ್ತರದ ವ್ಯತ್ಯಾಸ ಒಂದು ತೆಂಗಿನಮರದಷ್ಟು ಇದ್ದೀತು. ಬೆಳಿಗ್ಗೆ ಎದ್ದು ಹೋಗಿ ನೋಡಿದರೆ ಕೆಳಗೆ 3, ಮೇಲೆ 7. ಕೆಳಗಿನ ಪೊದೆಯ ಎಲೆಗಳಿಂದ ಇಬ್ಬನಿ ತೊಟ್ಟಿಕ್ಕುತ್ತಿತ್ತು. ಮೇಲೆ ಕಲ್ಲು ಒಣಗಿತ್ತು. ಅವತ್ತಿನಿಂದ ನಾನು ಟೆಂಟನ್ನು ತಗ್ಗಿನಲ್ಲಿ ಹಾಕುವುದಿಲ್ಲ. ನೀರು ತರಲು ನೂರು ಹೆಜ್ಜೆ ಇಳಿದರೂ ಪರವಾಗಿಲ್ಲ. ನೆತ್ತಿಗೆ ಹೋದರೆ ಗಾಳಿ ಬಡಿಯುತ್ತದೆ, ಅದೂ ಬೇಡ. ನಡುವಿನ ಇಳಿಜಾರಿನಲ್ಲಿ ಒಂದು ಚಪ್ಪಟೆ ಜಾಗ ಹುಡುಕಿ.

ಸ್ಲೀಪಿಂಗ್ ಬ್ಯಾಗಿನ ಮೇಲಿನ ಆ 5 ಡಿಗ್ರಿಗೆ ಬರೋಣ. ಐಎಸ್‌ಒ 23537 ಅನ್ನುವ ಮಾನದಂಡದ ಪ್ರಕಾರ ಪರೀಕ್ಷೆಯಾದ ಬ್ಯಾಗುಗಳಿಗೆ ಒಂದಕ್ಕಿಂತ ಹೆಚ್ಚು ಅಂಕಿಗಳಿರುತ್ತವೆ. ಒಳಗಿನಿಂದ ಬಿಸಿ ಮಾಡಬಹುದಾದ ಗೊಂಬೆಯೊಂದನ್ನು ಬ್ಯಾಗಿನಲ್ಲಿ ಮಲಗಿಸಿ, ತಣ್ಣನೆಯ ಕೋಣೆಯಲ್ಲಿಟ್ಟು ಅಳೆಯುತ್ತಾರೆ. ಗೊಂಬೆಗೆ ಒಳಉಡುಪು ಇರುತ್ತದೆ, ಅಡಿಯಲ್ಲಿ ಮ್ಯಾಟ್ ಇರುತ್ತದೆ. ಕಂಫರ್ಟ್ ಅಂದರೆ ಒಬ್ಬ ಸಾಮಾನ್ಯ ಹೆಂಗಸು ಆರಾಮವಾಗಿ ಕೈಕಾಲು ಬಿಟ್ಟು ಮಲಗಬಹುದಾದ ತಾಪಮಾನ. ಲಿಮಿಟ್ ಅಂದರೆ ಒಬ್ಬ ಸಾಮಾನ್ಯ ಗಂಡಸು ಮುದುಡಿಕೊಂಡು, ನಡುಗದೆ ರಾತ್ರಿ ಕಳೆಯಬಹುದಾದ ಅಂಚು. ಎಕ್ಸ್‌ಟ್ರೀಮ್ ಅಂದರೆ ಜೀವ ಉಳಿದೀತು, ಅಷ್ಟೆ. ಅದನ್ನು ನೋಡಿ ಬ್ಯಾಗ್ ಕೊಳ್ಳಲೇಬೇಡಿ. ಎಷ್ಟೋ ಬ್ಯಾಗುಗಳ ಮೇಲೆ ದೊಡ್ಡ ಅಕ್ಷರದಲ್ಲಿರುವುದು ಲಿಮಿಟ್. ನಿಮ್ಮದೂ ಹಾಗೇ ಆಗಿದ್ದರೆ ಕಂಫರ್ಟ್ 10ರ ಹತ್ತಿರ ಇರಬಹುದು, ಎರಡರ ನಡುವೆ ಸಾಮಾನ್ಯವಾಗಿ ಐದಾರು ಡಿಗ್ರಿ ಅಂತರ ಇರುತ್ತದೆ. ಒಳಗಿನ ಚೀಟಿ ತೆಗೆದು ನೋಡಿ. ಮಲಗುವಾಗ 11 ಇದ್ದದ್ದು ಬೆಳಗಿನ ಜಾವ 6ಕ್ಕೋ 7ಕ್ಕೋ ಇಳಿದಿದ್ದರೆ ನಡುಕ ಬಂದದ್ದರಲ್ಲಿ ಆಶ್ಚರ್ಯ ಏನೂ ಇಲ್ಲ.

ಅಡಿಯಲ್ಲಿ ಏನು ಹಾಸಿದ್ದಿರಿ ಅಂತ ನೀವು ಬರೆದಿಲ್ಲ. ಮೈಭಾರಕ್ಕೆ ಸ್ಲೀಪಿಂಗ್ ಬ್ಯಾಗಿನ ಕೆಳಭಾಗ ಅಪ್ಪಚ್ಚಿಯಾಗಿ ಬೆಚ್ಚಗಿಡುವ ಶಕ್ತಿ ಕಳೆದುಕೊಳ್ಳುತ್ತದೆ. ಆಗ ನೆಲದ ಚಳಿಯನ್ನು ತಡೆಯುವುದು ಮ್ಯಾಟ್ ಒಂದೇ. ಅದರ ಆರ್-ವ್ಯಾಲ್ಯೂ, ಅಂದರೆ ಮೈಬಿಸಿ ನೆಲಕ್ಕೆ ಸೋರದಂತೆ ತಡೆಯುವ ಶಕ್ತಿಯ ಅಂಕಿ, ಜಾಸ್ತಿ ಇದ್ದಷ್ಟೂ ಒಳ್ಳೆಯದು. ಬೆನ್ನಿಗೆ, ಸೊಂಟಕ್ಕೆ ಚಳಿ ಹತ್ತಿ ಎಚ್ಚರವಾಗಿದ್ದರೆ ಬ್ಯಾಗನ್ನು ಬೈಯಬೇಡಿ, ಮ್ಯಾಟ್ ಬದಲಿಸಿ.

ಇಷ್ಟೆಲ್ಲ ಊಹೆ ಮಾಡಬೇಕಾಗಿ ಬಂದದ್ದು ಯಾಕೆ ಹೇಳಿ? ನಿಮ್ಮ ಹತ್ತಿರ ರಾತ್ರಿಯ ಕನಿಷ್ಠ ತಾಪಮಾನದ ಅಂಕಿ ಇಲ್ಲ. ಚಾರಣದ ಥರ್ಮಾಮೀಟರಿನಿಂದ ನಾನು ನಿಜಕ್ಕೂ ಬಯಸುವುದು ಈ ಒಂದೇ ಅಂಕಿ. ಮಧ್ಯಾಹ್ನ ಎಷ್ಟಿತ್ತು ಅನ್ನುವುದನ್ನು ನನ್ನ ಬೆವರೇ ಹೇಳುತ್ತದೆ. ರಾತ್ರಿ ನಾಲ್ಕೂವರೆಗೆ ಎಷ್ಟಿತ್ತು ಅಂತ ಹೇಳಲು ನಾನು ಎದ್ದಿರುವುದಿಲ್ಲ. ಈ ತೊಂದರೆಗೆ ಇಂಗ್ಲೆಂಡಿನ ಜೇಮ್ಸ್ ಸಿಕ್ಸ್ ಅನ್ನುವಾತ 1780ರ ಹೊತ್ತಿಗೇ ಪರಿಹಾರ ಕಂಡುಹಿಡಿದಿದ್ದ. ಯು ಆಕಾರದ ಕೊಳವೆ, ಅದರೊಳಗೆ ಪುಟ್ಟ ಗುರುತುಕಡ್ಡಿಗಳು. ತಾಪಮಾನ ಎಲ್ಲಿಯವರೆಗೆ ಏರಿತ್ತು, ಎಲ್ಲಿಯವರೆಗೆ ಇಳಿದಿತ್ತು ಅನ್ನುವ ಕಡೆ ಕಡ್ಡಿ ನಿಂತಿರುತ್ತದೆ. ಈಗಿನ ಅಗ್ಗದ ಡಿಜಿಟಲ್ ಥರ್ಮಾಮೀಟರಿನಲ್ಲೂ ಮಿನ್-ಮ್ಯಾಕ್ಸ್ ಅಂತ ಒಂದು ಗುಂಡಿ ಇದ್ದರೆ ಅದೇ ಕೆಲಸ ಮಾಡುತ್ತದೆ. ಮಲಗುವ ಮುಂಚೆ ಹಳೆಯ ನೆನಪನ್ನು ಅಳಿಸಿ. ಟೆಂಟಿನ ಹೊರಗೆ, ಕೊಂಬೆಯ ಕೆಳಗೆ ಅಥವಾ ಹೊರಹೊದಿಕೆಯ ಚಾಚಿನ ಕೆಳಗೆ ತೂಗುಬಿಡಿ. ಬರೀ ಆಕಾಶಕ್ಕೆ ತೆರೆದುಕೊಂಡಿದ್ದರೆ ಹುಲ್ಲಿನ ಹಾಗೆ ಅದೂ ತನ್ನ ಬಿಸಿಯನ್ನು ಆಕಾಶಕ್ಕೆ ಕಳೆದುಕೊಂಡು ಗಾಳಿಗಿಂತ ಕಡಿಮೆ ತೋರಿಸುತ್ತದೆ. ಹಗಲು ಬಿಸಿಲಿನಿಂದ ಮರೆ, ರಾತ್ರಿ ಆಕಾಶದಿಂದ ಮರೆ.

ಬೆಳಿಗ್ಗೆ ಅಂಕಿ ಬರೆದುಕೊಳ್ಳಿ. ಬರೀ ಅಂಕಿ ಬರೆದರೆ ಸುಮ್ನೆ ದಂಡ. ಅದರ ಪಕ್ಕದಲ್ಲಿ ನೀವು ಏನು ಹಾಕಿಕೊಂಡಿದ್ದಿರಿ, ಹೇಗೆ ನಿದ್ದೆ ಬಂತು ಅಂತ ಬರೆಯಿರಿ. ನನ್ನ ಪುಸ್ತಕದ ಒಂದು ಸಾಲು ಹೀಗಿದೆ: "ಹೊರಗೆ ಕನಿಷ್ಠ 4. ಆಕಾಶ ತಿಳಿ. ತೆಳು ಬ್ಯಾಗ್, ಉಣ್ಣೆ ಟೋಪಿ, ಎರಡು ಜೊತೆ ಕಾಲುಚೀಲ. ಮೂರು ಗಂಟೆಗೆ ಪಾದ ತಣ್ಣಗಾಗಿ ಎಚ್ಚರ." ಇಂಥ ಹತ್ತು ಸಾಲು ಕೂಡಿದರೆ ಸ್ಲೀಪಿಂಗ್ ಬ್ಯಾಗಿನ ಚೀಟಿಗಿಂತ ಅದೇ ಹೆಚ್ಚು ನಂಬಿಕೆಯದ್ದು. ಗೊಂಬೆಯ ಮೈ ಬೇರೆ, ನಿಮ್ಮ ಮೈ ಬೇರೆ ಅಲ್ವಾ?

ಹಗಲಿನ ಅಂಕಿಯನ್ನೂ ಬರೆದಿಟ್ಟರೆ ಈ ಪುಸ್ತಕದಿಂದ ಬೇರೆ ಎತ್ತರದ ಚಳಿಯನ್ನೂ ಅಂದಾಜು ಮಾಡಬಹುದು. ಎತ್ತರ ಹೋದಂತೆ ಗಾಳಿ ಸರಾಸರಿ 1000 ಮೀಟರಿಗೆ 6.5 ಡಿಗ್ರಿಯಷ್ಟು ತಣ್ಣಗಾಗುತ್ತದೆ. ಬುಡದಲ್ಲಿ 18 ಇದ್ದರೆ 1200 ಮೀಟರ್ ಮೇಲಿನ ತಂಗುದಾಣದಲ್ಲಿ ಸುಮಾರು 10 ಅಂತ ಅಂದಾಜು ಕಟ್ಟಬಹುದು. ಒಣ ಗಾಳಿ ಮೇಲೇರುವಾಗ ಇಳಿಕೆ ಇನ್ನೂ ಜಾಸ್ತಿ, 1000 ಮೀಟರಿಗೆ ಹತ್ತು ಡಿಗ್ರಿಯ ಹತ್ತಿರ. ರಾತ್ರಿ ಕಣಿವೆಯಲ್ಲಿ ಚಳಿ ನಿಂತಾಗ ಲೆಕ್ಕವೇ ತಿರುವುಮುರುವು, ಮೇಲೆಯೇ ಬೆಚ್ಚಗಿರುತ್ತದೆ. ಆದ್ದರಿಂದ ಇದನ್ನು ಹಗಲಿನ ಅಂದಾಜಿಗೆ ಮಾತ್ರ ಇಟ್ಟುಕೊಳ್ಳಿ. ಅಂದಹಾಗೆ, ಬೆಟ್ಟಕ್ಕೆ ಥರ್ಮಾಮೀಟರ್ ಹೊರುವ ಹುಚ್ಚು ನಮ್ಮದೊಂದೇ ಅಲ್ಲ. 1787ರಲ್ಲಿ ಜಿನೀವಾದ ವಿಜ್ಞಾನಿ ಒರಾಸ್ ಬೆನೆಡಿಕ್ಟ್ ದ ಸೊಸ್ಯೂರ್ ಆಲ್ಪ್ಸ್‌ನ ಮಾಂಟ್ ಬ್ಲಾಂಕ್ ಶಿಖರಕ್ಕೆ ಉಪಕರಣಗಳ ಗಂಟನ್ನೇ ಹೊರಿಸಿಕೊಂಡು ಹೋಗಿ, ನೆತ್ತಿಯ ಮೇಲೆ ನೀರು ಕುದಿಸಿ ಅದರ ಬಿಸಿ ಅಳೆದಿದ್ದ.

ನೀರು ಕುದಿಯುವ ಬಿಸಿ ಸುಮಾರು 300 ಮೀಟರಿಗೆ ಒಂದು ಡಿಗ್ರಿಯಷ್ಟು ಕಡಿಮೆಯಾಗುತ್ತದೆ. ಅದಕ್ಕೇ ಎತ್ತರದಲ್ಲಿ ಕಾಳು ಬೇಯುವುದು ತಡ.

ಥರ್ಮಾಮೀಟರ್ ಹೇಳದೇ ಇರುವುದನ್ನೂ ಹೇಳಿಬಿಡುತ್ತೇನೆ, ಏಕೆಂದರೆ ಅಪಾಯ ಇರುವುದು ಅಲ್ಲಿ. ಗಾಳಿ ಬೀಸಿದರೆ ಥರ್ಮಾಮೀಟರಿಗೆ ಚಳಿಯಾಗುವುದಿಲ್ಲ, ನಿಮಗೆ ಆಗುತ್ತದೆ. ನಿಮ್ಮ ಮೈ ಸುತ್ತ ಬೆಚ್ಚಗಿನ ಗಾಳಿಯ ಒಂದು ತೆಳು ಪದರ ಇರುತ್ತದೆ. ಬೀಸುಗಾಳಿ ಅದನ್ನು ಕಿತ್ತೊಯ್ಯುತ್ತದೆ. ಥರ್ಮಾಮೀಟರಿಗೆ ಅಂಥ ಸ್ವಂತ ಬಿಸಿಯೇ ಇಲ್ಲ. ಅಂಟಾರ್ಕ್ಟಿಕಾದಲ್ಲಿ ಅಮೆರಿಕದ ಸಂಶೋಧಕರಾದ ಪಾಲ್ ಸೈಪಲ್ ಮತ್ತು ಚಾರ್ಲ್ಸ್ ಪ್ಯಾಸೆಲ್ ಪ್ಲಾಸ್ಟಿಕ್ ಡಬ್ಬಿಯಲ್ಲಿ ನೀರಿಟ್ಟು, ಯಾವ ಗಾಳಿಗೆ ಎಷ್ಟು ಬೇಗ ಹೆಪ್ಪುಗಟ್ಟುತ್ತದೆ ಅಂತ ನೋಡಿ ಇದರ ಮೊದಲ ಲೆಕ್ಕ ಹಾಕಿದರು. ಅಮೆರಿಕ ಮತ್ತು ಕೆನಡಾದವರು 2001ರಲ್ಲಿ ತಿದ್ದಿದ ಸೂತ್ರದ ಪ್ರಕಾರ, 5 ಡಿಗ್ರಿಯಲ್ಲಿ ಗಂಟೆಗೆ 30 ಕಿಲೋಮೀಟರ್ ಗಾಳಿ ಬೀಸಿದರೆ ಬಿಟ್ಟ ಮುಖಕ್ಕೆ ಸೊನ್ನೆ ಡಿಗ್ರಿಯ ಚಳಿ. ಸೊನ್ನೆಯಲ್ಲಿ ಅದೇ ಗಾಳಿಗೆ ಮೈನಸ್ 6ರಷ್ಟು.

ಬಟ್ಟೆ ಒದ್ದೆಯಾದರೆ ಇನ್ನೂ ಕಷ್ಟ. ಹೈಪೋಥರ್ಮಿಯಾಕ್ಕೆ, ಅಂದರೆ ಮೈಯೊಳಗಿನ ಬಿಸಿ 35 ಡಿಗ್ರಿಗಿಂತ ಇಳಿಯುವುದಕ್ಕೆ, ಹಿಮವೇ ಬೇಕಾಗಿಲ್ಲ. 8 ಡಿಗ್ರಿ, ಜಿಟಿಜಿಟಿ ಮಳೆ, ಗಾಳಿ, ಖಾಲಿ ಹೊಟ್ಟೆ, ಇಷ್ಟಿದ್ದರೆ ಸಾಕು. ಜೊತೆಯವರ ಮಾತು ತೊದಲಿದರೆ, ಕಾಲು ತಡವರಿಸಿದರೆ, ಜಿಪ್ ಹಾಕಿಕೊಳ್ಳಲು ಬೆರಳು ಕೇಳದಿದ್ದರೆ ಥರ್ಮಾಮೀಟರ್ ನೋಡುತ್ತಾ ನಿಲ್ಲಬೇಡಿ. ಮರೆಗೆ ಕರೆದೊಯ್ಯಿರಿ, ಒದ್ದೆ ಬಟ್ಟೆ ತೆಗೆದು ಒಣಗಿದ್ದು ಹಾಕಿ, ಬೆಚ್ಚಗೆ ಸುತ್ತಿ, ಸಹಾಯಕ್ಕೆ ಕರೆಯಿರಿ. ಸೆಕೆಯ ದಿನವೂ ಹೀಗೇ. ಒಣ ಹವೆಯ 34 ಡಿಗ್ರಿ ತಡೆದುಕೊಳ್ಳಬಹುದು. ಬೆವರು ಆರದ ತೇವದ ಹವೆಯಲ್ಲಿ ಅದೇ 34 ತಲೆ ಸುತ್ತಿಸುತ್ತದೆ. ಅಂಕಿ ಮಾತ್ರ ಒಂದೇ.

ಹಾಗಾದರೆ ಅಂಕಿಯಿಂದ ಏನು ಲಾಭ? ಕೆಲವು ವಸ್ತುಗಳಿಗೆ ಅಂಕಿಯೇ ಮುಖ್ಯ. ಕ್ಯಾಂಪಿಂಗ್ ಸ್ಟೌವಿನ ಗ್ಯಾಸ್ ಡಬ್ಬಿ ನೋಡಿ. ಒಳಗಿನ ದ್ರವ ಆವಿಯಾದರೆ ಮಾತ್ರ ಉರಿ. ಸಾದಾ ಬ್ಯೂಟೇನ್ ಮೈನಸ್ ಅರ್ಧ ಡಿಗ್ರಿಯ ಕೆಳಗೆ ಆವಿಯಾಗಲು ಒಲ್ಲದು. ಐಸೋಬ್ಯೂಟೇನ್ ಸುಮಾರು ಮೈನಸ್ 12ರವರೆಗೆ, ಪ್ರೊಪೇನ್ ಮೈನಸ್ 42ರವರೆಗೆ ನಡೆಯುತ್ತದೆ. ಉರಿಯುವಾಗ ಡಬ್ಬಿ ತಾನೇ ತಣ್ಣಗಾಗುವುದರಿಂದ 5 ಡಿಗ್ರಿಯ ಬೆಳಿಗ್ಗೆಯೂ ಬ್ಯೂಟೇನ್ ಡಬ್ಬಿಯ ಉರಿ ಸೊರಗುತ್ತದೆ. ರಾತ್ರಿ ಇಷ್ಟು ಇಳಿಯುತ್ತದೆ ಅಂತ ಗೊತ್ತಿದ್ದರೆ ಬೇರೆ ಮಿಶ್ರಣದ ಡಬ್ಬಿ ಒಯ್ಯಬಹುದು, ಅಥವಾ ಡಬ್ಬಿಯನ್ನು ಬಟ್ಟೆಯಲ್ಲಿ ಸುತ್ತಿ ಪಕ್ಕದಲ್ಲಿ ಇಟ್ಟುಕೊಂಡು ಮಲಗಬಹುದು. ಬೆಂಕಿಯ ಹತ್ತಿರ ಇಟ್ಟು ಬಿಸಿ ಮಾಡುವ ಸಾಹಸ ಬೇಡವೇ ಬೇಡ. ಸಣ್ಣ ಕೊಳವೆಗಳ ನೀರಿನ ಫಿಲ್ಟರ್ ಒಮ್ಮೆ ಬಳಸಿದ ಮೇಲೆ ಸೊನ್ನೆಯ ಕೆಳಗೆ ಹೆಪ್ಪುಗಟ್ಟಿದರೆ ಒಳಗೆ ಬಿರುಕು ಬಿಟ್ಟು ಹಾಳಾಗುತ್ತದೆ. ಹೊರಗಿನಿಂದ ಕಾಣುವುದೂ ಇಲ್ಲ. ಅದನ್ನೂ ಸ್ಲೀಪಿಂಗ್ ಬ್ಯಾಗಿನೊಳಗೆ ಇಟ್ಟುಕೊಳ್ಳಿ. ಫೋನು, ಪವರ್ ಬ್ಯಾಂಕ್‌ಗಳನ್ನು ಸೊನ್ನೆಯ ಕೆಳಗೆ ಚಾರ್ಜ್ ಮಾಡಬಾರದು. ಇನ್ಸುಲಿನ್ ಒಯ್ಯುವವರಿದ್ದರೆ ಅದು ಹೆಪ್ಪುಗಟ್ಟಬಾರದು. ಈಜುವ ಆಸೆ ಇದ್ದರೆ ದಾರ ಕಟ್ಟಿ ಥರ್ಮಾಮೀಟರನ್ನು ನೀರಿಗೆ ಬಿಡಿ. 15 ಡಿಗ್ರಿಗಿಂತ ಕಡಿಮೆ ಇದ್ದರೆ ಥಟ್ಟನೆ ಧುಮುಕಬೇಡಿ, ಉಸಿರು ಕಟ್ಟಿ ಗಾಬರಿಯಾಗುತ್ತದೆ.

ಪರಿಚಿತ ದಾರಿಯಲ್ಲಿ ಬೆಳಿಗ್ಗೆ ಹೋಗಿ ಸಂಜೆ ಬರುವವರಿಗೆ ಥರ್ಮಾಮೀಟರ್ ಬೇಕೇ ಬೇಕು ಅಂತ ನಾನು ಹೇಳುವುದಿಲ್ಲ. ಸುಮ್ನೆ ಖುಷಿಗೆ ಇಟ್ಟುಕೊಳ್ಳಿ. ಖುಷಿಗೇ ಆದರೆ ಚಿಮ್ಮಂಡೆಯೂ ಸಾಕು. ಅಮೆರಿಕದ ಏಮಸ್ ಡಾಲ್‌ಬೇರ್ 1897ರಲ್ಲಿ ಅದರ ಕೂಗಿನಿಂದ ತಾಪಮಾನ ತಿಳಿಯುವ ಸೂತ್ರ ಬರೆದ. ಎಂಟು ಸೆಕೆಂಡಿನ ಕೂಗು ಎಣಿಸಿ 5 ಕೂಡಿಸಿದರೆ ಹತ್ತಿರ ಹತ್ತಿರ ಸೆಲ್ಸಿಯಸ್ ಬರುತ್ತದೆ. ಆದರೆ ಎಲ್ಲ ಜಾತಿಯ ಚಿಮ್ಮಂಡೆಗೂ ಈ ಲೆಕ್ಕ ಒಪ್ಪುವುದಿಲ್ಲ. ಹೊಸ ಎತ್ತರದಲ್ಲಿ ರಾತ್ರಿ ತಂಗುವವರು ಮಾತ್ರ ಒಂದು ಒಯ್ಯಲೇಬೇಕು.

ಯಾವುದು ಅಂದರೆ: ಮಿನ್-ಮ್ಯಾಕ್ಸ್ ನೆನಪಿರುವ ಚಿಕ್ಕ ಡಿಜಿಟಲ್. ಒಂದು ಡಿಗ್ರಿ ಹೆಚ್ಚು ಕಡಿಮೆ ಇದ್ದರೆ ನಮಗೆ ಧಾರಾಳ. ಪರದೆಯಲ್ಲಿ 7.3 ಅಂತ ದಶಮಾಂಶ ಕಂಡ ಮಾತ್ರಕ್ಕೆ ಅಷ್ಟು ನಿಖರ ಅಂದುಕೊಳ್ಳಬೇಡಿ. ಬ್ಲೂಟೂತ್ ಇರುವ ತರಹದ್ದಾದರೆ ಹೊರಗೆ ತೂಗುಹಾಕಿ, ಒಳಗೆ ಮಲಗಿಕೊಂಡೇ ಫೋನಿನಲ್ಲಿ ನೋಡಬಹುದು. ಅದು ಸೋಮಾರಿಗಳ ಸ್ವರ್ಗ, ನನಗೂ ಇಷ್ಟ. ಬಟನ್ ಸೆಲ್ ಒಂದು ಹೆಚ್ಚಿಗೆ ಇರಲಿ. ಮೈನಸ್ 20ರ ಹತ್ತಿರ ಪರದೆಯ ಅಂಕಿಗಳು ಮಂಕಾಗಿ ನಿಧಾನವಾಗುತ್ತವೆ. ಅಂಥ ಚಳಿಗೆ ಹೋಗುವವರು ಸ್ಪಿರಿಟ್ ತುಂಬಿದ ಕೆಂಪು ಗೆರೆಯದ್ದನ್ನೂ ಒಯ್ಯಲಿ. ನಿಮ್ಮ ಜಿಪ್‌ನದ್ದು ಬ್ಯಾಟರಿ ಕೇಳುವುದಿಲ್ಲ, ಬಿದ್ದರೂ ಬದುಕುತ್ತದೆ, ಅದನ್ನು ಇಟ್ಟುಕೊಳ್ಳಿ. ಗನ್ ತರಹ ಗುರಿಯಿಟ್ಟು ನೋಡುವ ಇನ್ಫ್ರಾರೆಡ್ ಥರ್ಮಾಮೀಟರ್ ಗಾಳಿಯ ತಾಪಮಾನ ಹೇಳುವುದಿಲ್ಲ, ಎದುರಿನ ಬಂಡೆಯದ್ದೋ ಪಾತ್ರೆಯದ್ದೋ ಮೇಲ್ಮೈ ಮಾತ್ರ. ಜ್ವರ ನೋಡಲು ಮಾಡಿದ್ದು ಬೇರೆಯೇ ಇರುತ್ತದೆ, ಇದರಿಂದ ಆಗದು. ಪಾದರಸದ್ದು ಬೇಡ. ಒಡೆದರೆ ವಿಷ, ಮೈನಸ್ 39ಕ್ಕೆ ಗಟ್ಟಿಯಾಗುತ್ತದೆ.

ನಿಮ್ಮದು ಸರಿಯಿದೆಯಾ ಅನ್ನುವ ಅನುಮಾನ ಉಳಿದಿದ್ದರೆ ಮನೆಯಲ್ಲೇ ನೋಡಬಹುದು. ಐಸನ್ನು ಚೆನ್ನಾಗಿ ಪುಡಿ ಮಾಡಿ ಒಂದು ಲೋಟದ ತುಂಬ ಹಾಕಿ. ಸಂದುಗಳು ತುಂಬುವಷ್ಟು ಮಾತ್ರ ತಣ್ಣೀರು ಸುರಿಯಿರಿ. ಐಸ್ ನೀರಿನಲ್ಲಿ ತೇಲಾಡುತ್ತಿದ್ದರೆ ನೀರು ಜಾಸ್ತಿಯಾಯಿತು ಅಂತ ಅರ್ಥ, ಸ್ವಲ್ಪ ಚೆಲ್ಲಿ. ಉಪ್ಪು ಸೋಂಕಬಾರದು. ಥರ್ಮಾಮೀಟರಿಗೆ ನೀರು ಆಗುವುದಿಲ್ಲ ಅಂದರೆ ತೆಳು ಪ್ಲಾಸ್ಟಿಕ್ಕಿನಲ್ಲಿ ಗಾಳಿಯಿಲ್ಲದ ಹಾಗೆ ಸುತ್ತಿ ಹೂತಿಡಿ. ಆಗಾಗ ಮೆಲ್ಲಗೆ ಕಲಕುತ್ತಾ ಹತ್ತು ಹದಿನೈದು ನಿಮಿಷ ಬಿಡಿ. ಸೊನ್ನೆ ತೋರಿಸಬೇಕು. 2 ತೋರಿಸಿದರೆ ಹಿಂದುಗಡೆ ಒಂದು ಚೀಟಿ ಅಂಟಿಸಿ "2 ಕಳೆಯಿರಿ" ಅಂತ ಬರೆಯಿರಿ, ಬಿಸಾಡಬೇಡಿ. ಗೆಳೆಯನದ್ದನ್ನೂ ಜೊತೆಗೇ ಇಟ್ಟರೆ ಇಬ್ಬರ ಜಗಳವೂ ಮುಗಿಯುತ್ತದೆ. ಕುದಿಯುವ ನೀರಿನಲ್ಲಿ ಮಾತ್ರ ಪರೀಕ್ಷೆ ಮಾಡಬೇಡಿ. ಅದರ ಬಿಸಿ ಎತ್ತರದ ಮೇಲೆ ಬದಲಾಗುತ್ತದೆ, ಮೇಲಾಗಿ ಇಂಥ ಪುಟ್ಟವು 50, 60 ಡಿಗ್ರಿ ದಾಟಿದರೆ ಹಾಳಾಗುತ್ತವೆ.

ಕೊನೆಗೆ ತುಂಡಾದ ಕೆಂಪು ಗೆರೆ. ಕೊಳವೆಯೊಳಗೆ ಗಾಳಿಗುಳ್ಳೆ ಸಿಕ್ಕಿಕೊಂಡಿದೆ, ಅದಕ್ಕೇ ತಪ್ಪು ತೋರಿಸುತ್ತದೆ. ನಡುವಿನ ಖಾಲಿ ಜಾಗದಷ್ಟು ಜಾಸ್ತಿ ತೋರಿಸುತ್ತಿರುತ್ತದೆ. ಬ್ಯಾಗಿನಲ್ಲಿ ಅಡ್ಡಡ್ಡ ಅಲುಗಾಡಿದಾಗ, ಬಿದ್ದಾಗ ಹೀಗಾಗುತ್ತದೆ. ಮೊದಲು ಸುಲಭದ್ದು: ದ್ರವ ತುಂಬಿದ ತುದಿಯ ಗುಂಡಿ ಕೆಳಗೆ ಬರುವಂತೆ ನೆಟ್ಟಗೆ ಹಿಡಿದು ಅಂಗೈಗೆ ಮೆತ್ತಗೆ ತಟ್ಟಿ. ಆಗಲಿಲ್ಲವಾದರೆ ಪುಡಿ ಐಸಿಗೆ, ಈ ಸಲ ಬೇಕಂತಲೇ, ಉಪ್ಪು ಬೆರೆಸಿ. ಅದು ಸೊನ್ನೆಗಿಂತ ಬಹಳ ಕೆಳಗೆ ಹೋಗುತ್ತದೆ. ಗುಂಡಿಯನ್ನಷ್ಟೇ ಅದರಲ್ಲಿ ಹೂತು, ಕಡ್ಡಿಯನ್ನು ನೆಟ್ಟಗೆ ನಿಲ್ಲಿಸಿ. ಕೆಂಪು ದ್ರವ ಪೂರ್ತಿ ಗುಂಡಿಯೊಳಗೆ ಸೇದಿಕೊಂಡರೆ ಗುಳ್ಳೆ ಮೇಲೆ ಉಳಿಯುತ್ತದೆ. ಆಮೇಲೆ ಹೊರತೆಗೆದು, ನೆಟ್ಟಗೇ ಇಟ್ಟು, ತಾನಾಗಿ ಬೆಚ್ಚಗಾಗಲು ಬಿಡಿ. ಒಮ್ಮೆಗೆ ಆಗದಿದ್ದರೆ ಇನ್ನೊಮ್ಮೆ. ದೀಪದ ಉರಿಗೆ ಹಿಡಿದು ಗೆರೆಯನ್ನು ಮೇಲಕ್ಕೆ ಓಡಿಸುವ ಉಪಾಯವನ್ನು ಯಾರಾದರೂ ಹೇಳಿದರೆ ಕೇಳಬೇಡಿ, ಗಾಜು ಸಿಡಿಯುತ್ತದೆ. ಗೆರೆ ಕೂಡಿತು ಅನ್ನಿಸಿದ ಮೇಲೆ ಉಪ್ಪಿಲ್ಲದ ಐಸಿನಲ್ಲಿ ಸೊನ್ನೆ ನೋಡಿಕೊಳ್ಳಿ. ಮುಂದಿನ ಸಲ ಬ್ಯಾಗಿನಲ್ಲಿಡುವಾಗ ಹಲ್ಲುಜ್ಜುವ ಬ್ರಷ್‌ನ ಕೊಳವೆಯಂಥ ಡಬ್ಬಿಗೆ ಹಾಕಿ, ಪಕ್ಕದ ಜೇಬಿನಲ್ಲಿ ನೆಟ್ಟಗೆ ನಿಲ್ಲಿಸಿ.